ಅಂಕಪಟ್ಟಿಯ ಜೊತೆಗೇ ಗಂಟೆಗಳ ಪಟ್ಟಿಯೂ ಸಿಗಲಿ

ಮಾನ್ಯ ಸಂಪಾದಕರೇ,

ಜರ್ಮನಿಗೆ ಹೊರಟ ನರ್ಸ್‌ಗಳು ವೀಸಾ ತಡವಾದರೆ ಮೊದಲು ದೂರುವುದು ಕಾನ್ಸುಲೇಟನ್ನು. ಆದರೆ ತಿಂಗಳುಗಳು ಕಳೆದುಹೋಗುವುದು ಅದಕ್ಕೂ ಬಹಳ ಮುಂಚೆ, ಎಷ್ಟೋ ಸಲ ಅವರು ಓದಿದ ಕಾಲೇಜಿನ ಆಫೀಸಿನಲ್ಲೇ.

ಜರ್ಮನಿಯಲ್ಲಿ ನರ್ಸ್ ಆಗಿ ದುಡಿಯಲು ಸರ್ಕಾರದ ಪರವಾನಗಿ ಬೇಕು. ಆಸ್ಪತ್ರೆ ಕೆಲಸದ ಪತ್ರ ಕೊಟ್ಟ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಆ ಆಸ್ಪತ್ರೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಪ್ರಾಧಿಕಾರವು ನಮ್ಮ ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅನ್ನು ತಮ್ಮ ತರಬೇತಿಯೊಂದಿಗೆ ಹೋಲಿಸಿ ನೋಡುತ್ತದೆ. ಇದಕ್ಕೆ ಅವರು ‘ಅನೆರ್ಕೆನುಂಗ್’, ಅಂದರೆ ಮಾನ್ಯತೆ, ಎನ್ನುತ್ತಾರೆ. ಅಲ್ಲಿನ ಮೂರು ವರ್ಷದ ತರಬೇತಿಯಲ್ಲಿ 2,100 ಗಂಟೆ ಪಾಠ, 2,500 ಗಂಟೆ ವಾರ್ಡ್ ಕೆಲಸ. ಹೀಗಾಗಿ ಅವರಿಗೆ ಅಂಕಗಳಿಗಿಂತ ಗಂಟೆಗಳು ಮುಖ್ಯ.

ಎಡವಟ್ಟಾಗುವುದು ಇಲ್ಲೇ. ಕಾಲೇಜು ಕೊಡುವ ಹಲವು ಟ್ರಾನ್ಸ್‌ಕ್ರಿಪ್ಟ್‌ಗಳಲ್ಲಿ, ಅಂದರೆ ವಿಷಯವಾರು ಓದಿನ ವಿವರ ಪಟ್ಟಿಗಳಲ್ಲಿ, ಥಿಯರಿ (ಪಾಠ) ಮತ್ತು ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡ್ ಕೆಲಸ) ಎರಡರ ಗಂಟೆಗಳನ್ನೂ ಕೂಡಿಸಿ ಒಂದೇ ಮೊತ್ತ ಬರೆದಿರುತ್ತಾರೆ. ವೃದ್ಧರ ಆರೈಕೆಯನ್ನು ನಮ್ಮಲ್ಲಿ ಬೇರೆ ವಿಷಯಗಳೊಳಗೆ ಸೇರಿಸಿ ಕಲಿಸುತ್ತೇವೆ. ಅದರ ಗಂಟೆ ಪ್ರತ್ಯೇಕವಾಗಿ ನಮೂದಾಗದಿದ್ದರೆ ಕಲಿತದ್ದೂ ಕೊರತೆಯ ಲೆಕ್ಕಕ್ಕೆ ಹೋಗುತ್ತದೆ. ಮಕ್ಕಳ ವಾರ್ಡ್, ಮಾನಸಿಕ ಆರೋಗ್ಯ, ಹೆರಿಗೆ, ಸಮುದಾಯ ಆರೋಗ್ಯ, ಪ್ರತಿಯೊಂದಕ್ಕೂ ಪಾಠ ಎಷ್ಟು, ವಾರ್ಡ್ ಎಷ್ಟು ಎಂದು ಬೇರೆ ಬೇರೆ ಬರೆದು, ಪುಟಪುಟಕ್ಕೂ ಸೀಲು, ಸಹಿ, ದಿನಾಂಕ ಹಾಕಬೇಕು. ಅನುಭವ ಪತ್ರದ್ದೂ ಇದೇ ಕಥೆ. ಕೆಲಸದ ಅನುಭವದಿಂದ ಕೊರತೆ ತುಂಬಿಕೊಳ್ಳಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಆದರೆ ‘ಸ್ಟಾಫ್ ನರ್ಸ್ ಆಗಿದ್ದರು, ನಡತೆ ಉತ್ತಮ’ ಎಂಬ ಒಂದು ಸಾಲಿನಿಂದ ಏನೂ ಸಾಬೀತಾಗದು. ಯಾವ ವಾರ್ಡ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂಬುದೆಲ್ಲ ಅದರಲ್ಲಿರಬೇಕು.

ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕು ಇನಿಶಿಯಲ್‌ನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ಎಂ.’ ಎಂದಿದ್ದದ್ದು ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರಾಗಿ ಹಿಗ್ಗಿರುತ್ತದೆ. ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಮೂರನೆಯ ರೂಪ. ಜರ್ಮನಿಯಲ್ಲಿ ಕುಳಿತ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು. ದಾಖಲೆಗಳ ಭಾಷಾಂತರಕ್ಕೆ ಹಣ ಸುರಿಯುವ ಮೊದಲು ಇದನ್ನು ಸರಿಮಾಡಿಸಿಕೊಳ್ಳಬೇಕು.

ನಮ್ಮ ಓದಿನಲ್ಲಿ ಏನು ಕಡಿಮೆ ಇದೆ ಎಂದು ಆ ಪ್ರಾಧಿಕಾರ ತಿಳಿಸುವ ಕೊರತೆ ಪತ್ರ, ಅಂದರೆ ‘ಡೆಫಿಸಿಟ್‌ಬೆಶೈಡ್’, ಬಂತೆಂದು ಅಳುವವರಿದ್ದಾರೆ. ಅದು ತಿರಸ್ಕಾರವಲ್ಲ. ಅದನ್ನೇ ಹಿಡಿದು ವೀಸಾಕ್ಕೆ ಅರ್ಜಿ ಹಾಕಿ, ಅಲ್ಲಿಗೆ ಹೋಗಿ, ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ ಮುಗಿಸಬಹುದು. ಇದಕ್ಕಾಗಿ ಕೊಡುವ ವಾಸದ ಅನುಮತಿ 24 ತಿಂಗಳವರೆಗೆ, ಆಮೇಲೆ 12 ತಿಂಗಳ ವಿಸ್ತರಣೆ. ವೀಸಾ ಶುಲ್ಕ 75 ಯೂರೋ. ಉದ್ಯೋಗದಾತರು ಮನಸ್ಸು ಮಾಡಿದರೆ 411 ಯೂರೋ ಕಟ್ಟಿ ತ್ವರಿತ ವಿಧಾನ ಹಿಡಿಯಬಹುದು. ಕೆಲಸದ ಪತ್ರ ಕೈಗೆ ಬಂದಾಗ ಇದನ್ನು ಕೇಳಲು ಸಂಕೋಚ ಬೇಡ.

ಜರ್ಮನ್ ಭಾಷೆಯ ಕಲಿಕೆಯಲ್ಲಿ ಅಡ್ಡದಾರಿ ಇಲ್ಲ. ಪೂರ್ಣ ಪರವಾನಗಿಗೆ ಬಿ2 ಮಟ್ಟ (ಭಾಷಾ ಕಲಿಕೆಯ ಆರು ಹಂತಗಳಲ್ಲಿ ನಾಲ್ಕನೆಯದು) ಬೇಕು, ಅದಕ್ಕೆ 45 ನಿಮಿಷದ 600ರಿಂದ 800 ಪಾಠಗಳು. ‘ಮೂರು ತಿಂಗಳಲ್ಲಿ ಬಿ2’ ಎಂಬ ಜಾಹೀರಾತನ್ನು ನಂಬಬೇಡಿ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗಯಟೆ (Goethe) ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರಹ, ಮಾತು ನಾಲ್ಕರಲ್ಲೂ ತಲಾ 100ಕ್ಕೆ 60 ಬೇಕು. ಸಮಾಧಾನವೆಂದರೆ, ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು.

ಏಜೆಂಟರ ಬಗ್ಗೆ ಒಂದು ಮಾತು. ವಿದೇಶಿ ಉದ್ಯೋಗಕ್ಕೆ ನೇಮಕ ಮಾಡಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಹುಡುಕಿ ನೋಡಿ. ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರುವಂತಿಲ್ಲ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ರಾಜ್ಯ ಸರ್ಕಾರದ್ದೇ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ, ಮೊದಲು ಅಲ್ಲಿ ವಿಚಾರಿಸಿ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಗೂ ನಮ್ಮ ಮನವಿ ಇಷ್ಟೇ: ಗಂಟೆಗಳ ವಿವರಕ್ಕೆ ಒಂದೇ ನಮೂನೆ ರೂಪಿಸಿ, ಅಂತಿಮ ವರ್ಷದ ಅಂಕಪಟ್ಟಿಯ ಜೊತೆಗೇ ಪ್ರತಿ ವಿದ್ಯಾರ್ಥಿಗೂ ಕೊಡಿ. ಪೋಸ್ಟಿಂಗ್ ರಿಜಿಸ್ಟರ್ ಕಾಲೇಜಿನಲ್ಲಿ ಆಗ ಇರುತ್ತದೆ, ಸಹಿ ಹಾಕಬೇಕಾದವರೂ ಅಲ್ಲೇ ಇರುತ್ತಾರೆ. ಐದು ವರ್ಷ ಕಳೆದು ಹುಡುಗಿ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ರಜೆ ಹಾಕಿ ಬಂದಾಗ ಎರಡೂ ಸಿಗುವ ಖಾತರಿಯಿಲ್ಲ.

– ನರ್ಸಿಂಗ್ ಬೋಧಕರು, ಮಂಗಳೂರು