ಟೈರಿಗೆ ಚುಚ್ಚಿದ್ದು ಜಾಲಿಮುಳ್ಳಲ್ಲ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೈಕಲ್ ಅಂಗಡಿ ನಡೆಸುತ್ತಿದ್ದೇನೆ. ಹತ್ತಿರದಲ್ಲೇ ಒಂದು ಶಾಲೆ ಇದೆ. ನಮ್ಮೂರಲ್ಲಿ ಪಂಕ್ಚರ್ ಎಂದರೆ ಜಾಲಿಮುಳ್ಳು. ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ವಾರಕ್ಕೆ ಎರಡು ಸಲ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಟ್ಯೂಬನ್ನು ನೀರಲ್ಲಿ ಅದ್ದಿದರೆ ಸಾಲಾಗಿ ಮೂರು ಕಡೆ ಗುಳ್ಳೆ. ಟೈರಿನ ಪಕ್ಕಕ್ಕೆ ಕೈವಾರದ ಮೊನೆಯಿಂದ ಚುಚ್ಚಿದ್ದರು. ರಸ್ತೆಯ ಮುಳ್ಳು ಹಾಗೆ ಪಕ್ಕದಿಂದ ಹೋಗುವುದಿಲ್ಲ.

ನನಗೆ ಗೊತ್ತಾಗಿತ್ತು. ಆದರೂ ಎರಡು ತಿಂಗಳು ಸುಮ್ನೆ ಪ್ಯಾಚ್ ಹಾಕಿ ದುಡ್ಡು ತಗೊಂಡೆ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಒಂದು ಸಂಜೆ ಅವನು ಹ್ಯಾಂಡಲಿನಿಂದ ಬೆಲ್ ಬಿಚ್ಚಿ ನನ್ನ ಮುಂದಿಟ್ಟ. ಆಸೆಪಟ್ಟು ಹಾಕಿಸಿಕೊಂಡಿದ್ದ ಬೆಲ್. "ಮಾಮಾ, ಯಾರಿಗಾದ್ರೂ ಹಾಕಿಕೊಡ್ರಿ. ನನಗ ಇನ್ನ ಬೇಕಾಗಂಗಿಲ್ಲ" ಎಂದ. ಅಂಗಡಿ ಬಾಗಿಲು ಅರ್ಧ ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಮಾತಾಡುವಾಗ ತೊದಲುತ್ತಾನೆಂದು ಕ್ಲಾಸಿನವರು ಅಡ್ಡಹೆಸರು ಇಟ್ಟಿದ್ದರು. ಅವನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದ್ದರು. "ಸಾಯಬೇಕು ಅನ್ನಿಸ್ತದೇನಪಾ?" ಎಂದು ಕೇಳಿದೆ. ಗಂಟಲು ಒಣಗಿತ್ತು. ಅವನು ತಲೆ ಅಲ್ಲಾಡಿಸಿದ, ಹೌದು ಎಂದು. ಹೀಗೆ ಕೇಳಿದರೆ ನಾವೇ ಆ ಯೋಚನೆಯನ್ನು ಮಕ್ಕಳ ತಲೆಗೆ ಹಾಕಿದಂತೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳುವುದೇ ಒಳ್ಳೇದು ಎಂದು ಆಮೇಲೆ ಡಾಕ್ಟರೇ ಹೇಳಿದರು. ಅವರಮ್ಮ ಬರುವವರೆಗೂ ಅವನನ್ನು ಬಿಟ್ಟು ಕದಲಲಿಲ್ಲ. ಚಿಕಿತ್ಸೆ ಸಿಕ್ಕಿತು. ಈಗ ಹತ್ತನೇ ಕ್ಲಾಸು ಓದುತ್ತಿದ್ದಾನೆ. ಚುಚ್ಚಿದ ಹುಡುಗರೂ ನನ್ನ ಗಿರಾಕಿಗಳೇ. ಅವರ ಜೊತೆಗೂ ಯಾರಾದರೂ ಕೂತು ಮಾತಾಡಬೇಕಿತ್ತು.

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳುತ್ತದೆ. ಎಲ್ಲದಕ್ಕೂ ಕಾರಣ ಒಂದೇ ಅಲ್ಲ, ನಿಜ. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಆಪ್ತಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಅದು ಬೇಗ ಆಗಲಿ. ಆದರೆ ಮಗು ಶಾಲೆ ಗೇಟು ದಾಟಿದ ಮೇಲೆ ಅದರ ಮುಖ ನೋಡುವವರು ನಾವು. ಆಟೋದವರು, ಮಿರ್ಚಿ ಗಾಡಿಯವರು, ಬಸ್ ಕಂಡಕ್ಟರ್, ಹಾಸ್ಟೆಲ್ ಅಡುಗೆಯವರು. ನಮಗೆ ಯಾರೂ ಏನೂ ಹೇಳಿಕೊಟ್ಟಿಲ್ಲ.

1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇದೇ ಬಳ್ಳಾರಿ ಜಿಲ್ಲೆಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಿದ್ದರು. ಆ 'ಬಳ್ಳಾರಿ ಮಾದರಿ' ನೋಡಿಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಗ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದಂತೆ ಈಗ ನಮಗೂ ಕಲಿಸಬಹುದು, ಅಲ್ವಾ? ಶಾಲೆ ಸುತ್ತಲಿನ ಅಂಗಡಿಯವರನ್ನು, ಆಟೋದವರನ್ನು ಕರೆದು ಅರ್ಧ ದಿನ ಹೇಳಿಕೊಟ್ಟರೆ ಸಾಕು. ಏನು ಗಮನಿಸಬೇಕು, ಹೇಗೆ ಕೇಳಬೇಕು, ಯಾರಿಗೆ ಫೋನ್ ಮಾಡಬೇಕು ಅಂತ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ. ನನ್ನ ಅಂಗಡಿ ಬೋರ್ಡಿನ ಕೆಳಗೆ ದೊಡ್ಡದಾಗಿ ಬರೆಸಿದ್ದೇನೆ. ಜಿಲ್ಲಾಡಳಿತ ತರಬೇತಿ ಇಟ್ಟರೆ ದಯವಿಟ್ಟು ಮಧ್ಯಾಹ್ನ ಇಡಲಿ. ನಮ್ಮೂರ ಬಿಸಿಲಿಗೆ ಆ ಹೊತ್ತಲ್ಲಿ ಗಿರಾಕಿ ಇರುವುದಿಲ್ಲ, ನಾವೆಲ್ಲ ಬರುತ್ತೇವೆ.

– ಸೈಕಲ್ ಅಂಗಡಿಯವ, ಬಳ್ಳಾರಿ