ಮಗಳಿಗೊಂದು ಪತ್ರ: ತಂಬೂರಿಯ ದಾರ

ಮಲ್ಲೇಶ್ವರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಕಳೆದ ಭಾನುವಾರ ತಾರಸಿಯ ಮೇಲೆ 15 ಜನರನ್ನು ಕೂರಿಸಿಕೊಂಡು ನೀನು ಕೇಳಿಸಿದ ರಚನೆಯ ಬಗ್ಗೆ ಒಂದು ಮಾತನ್ನೂ ಆಡದೆ ನಾನು ಎದ್ದುಬಂದದ್ದು ನಿನಗೆ ನೋವು ತಂದಿದೆಯೆಂದು ಬಲ್ಲೆ. ಎದುರು ಕೂತು ಮಾತಾಡಿದರೆ ನಮ್ಮಿಬ್ಬರಿಗೂ ಜಗಳವೇ ಆಗುವುದರಿಂದ ಬರೆಯುತ್ತಿದ್ದೇನೆ. ನಮ್ಮ ಸಂಪಿನ ಮೋಟಾರು, ಕೆ.ಆರ್. ಮಾರುಕಟ್ಟೆಯ ಹೂವಿನವರ ಕೂಗು, ಇವನ್ನು ಮುದ್ರಿಸಿಕೊಂಡು ಹಿಗ್ಗಿಸಿ ಕುಗ್ಗಿಸಿ ಹೆಣೆದದ್ದು ಸಂಗೀತವೇ ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಮರುದಿನ ಬೆಳಿಗ್ಗೆ ತಂಬೂರಿಯನ್ನು ಶ್ರುತಿ ಮಾಡಲು ಕೂತೆ. ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿ, ಅಂದರೆ ಕುದುರೆಯ ಮೇಲೆ ತಂತಿಯ ಅಡಿಗಿರುವ ದಾರವನ್ನು ಕೂದಲೆಳೆಯಷ್ಟು ಸರಿಸಿದೊಡನೆ, ಅದುವರೆಗೆ ಮೊಂಡಾಗಿ ನುಡಿದು ಸುಮ್ಮನಾಗುತ್ತಿದ್ದ ತಂತಿ ಕುದುರೆಯ ಬೆನ್ನನ್ನು ಸವರುತ್ತ ಝೇಂಕರಿಸತೊಡಗಿತು. ಷಡ್ಜದೊಳಗಿಂದ ನಾನು ಮೀಟದ ಸ್ವರಗಳೂ ಎದ್ದು ಬಂದವು. ಪಿಟೀಲಿನಲ್ಲಿ ತಂತಿ ಹೀಗೆ ತಾಗಿ ಗುಂಯ್‌ಗುಟ್ಟಿದರೆ ರಿಪೇರಿಗೆ ಕೊಡುತ್ತೇವೆ, ತಂಬೂರಿಯಲ್ಲಾದರೆ ಅದನ್ನೇ ಜೀವ ಎನ್ನುತ್ತೇವೆ. ನಲವತ್ತು ವರ್ಷ ಆ ದಾರ ಸರಿಸಿದ ನನಗೆ ಇದು ಹೊಳೆಯಲು ನಿನ್ನ ಮೋಟಾರಿನ ಸದ್ದು ಬೇಕಾಯಿತು.

ನಮ್ಮ ಬಡಾವಣೆಯ ಪಿಟೀಲಿನಾಕಾರದ ಸಭಾಂಗಣಕ್ಕೆ ಯಾರ ಹೆಸರಿದೆಯೋ ಆ ಚೌಡಯ್ಯನವರೂ ನಾಲ್ಕು ತಂತಿ ಸಾಲದೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡವರು. ಪ್ಯಾರಿಸ್ಸಿನ ಪಿಯೆರ್ ಶೆಫೆರ್ 1948ರಲ್ಲಿ ರೈಲಿನ ಸದ್ದನ್ನು ಮುದ್ರಿಸಿಕೊಂಡು ರಚನೆ ಮಾಡಿದ್ದನ್ನೂ, 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಮೂಗ್ ಸಿಂಥಸೈಜರ್ ಎಂಬ ವಾದ್ಯ ಬಂದದ್ದನ್ನೂ ನೀನೇ ನನಗೆ ಹೇಳಿದ್ದೆ. ಆಗ ಅರ್ಧ ಕಿವಿಯಲ್ಲಿ ಕೇಳಿದ್ದೆ.

ಹಂಚಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಅರೆಬೆಂದ ಕರಡುಗಳನ್ನೂ ಯಾರು ಬೇಕಾದರೂ ತೆಗೆದುಕೊಂಡು ಮುಂದುವರಿಸಲಿ ಎಂದು ಪುಕ್ಕಟೆಯಾಗಿ ಬಿಟ್ಟುಕೊಡುವುದು ನಿನ್ನ ನಿಲುವು. ವರ್ಣವೆಂಬ ಅಭ್ಯಾಸದ ರಚನೆಯೊಂದನ್ನೂ ವರ್ಷಗಟ್ಟಲೆ ಮನೆಯಾಚೆ ಹಾಡಗೊಡದ ಗುರುಗಳ ಬಳಿ ಕಲಿತ ನನಗೆ ಅದು ಒಗ್ಗುವುದು ಕಷ್ಟ. ಆದರೂ ಹಾಡಿನ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಸಂಗತಿಗಳು ಬೆಳೆದದ್ದು ಒಬ್ಬರ ಹಾಡನ್ನು ಇನ್ನೊಬ್ಬರು ಮುಂದುವರಿಸಿದ್ದರಿಂದಲೇ ಅಲ್ಲವೇ? ಹಾಗಾಗಿ ನಿನ್ನ ಉದಾರತೆಯ ಮೇಲೆ ನನ್ನ ತಕರಾರಿಲ್ಲ.

ತಕರಾರಿರುವುದು ಬೇರೆ ಕಡೆ. ‘ಮೊಳ ಇಪ್ಪತ್ತು, ಮೊಳ ಇಪ್ಪತ್ತು’ ಎಂದು ಕೂಗುವ ಆ ಹೂವಿನ ಹೆಂಗಸಿನ ದನಿ ನಿನ್ನ ರಚನೆಯ ಬೆನ್ನೆಲುಬು. ಆಕೆಯನ್ನು ಕೇಳಿದೆಯಾ? ಯಾರಿಗೆ ಬೇಕಾದರೂ ಕೊಡುವ ಮೊದಲು, ದನಿ ಯಾರದೋ ಅವರಿಗೆ ಕೇಳಿಸಬೇಕು. ಬೇಡವೆಂದರೆ ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು. ಇದರಲ್ಲಿ ನಾನು ರಾಜಿಯಾಗುವವಳಲ್ಲ.

ಶುಕ್ರವಾರ ಪೂಜೆಯ ಹೂವಿಗೆ ನಾನೂ ಮಾರುಕಟ್ಟೆಗೆ ಹೋಗಬೇಕು. ನೀನು ಹೆಡ್‌ಫೋನ್ ತೆಗೆದುಕೊಂಡು ಬಾ, ಆಕೆಯ ಹತ್ತಿರ ಒಟ್ಟಿಗೆ ಹೋಗೋಣ. ಮನೆಗೆ ಬಂದ ಮೇಲೆ ತಂಬೂರಿಯ ದಾರವನ್ನು ನಿಧಾನವಾಗಿ ಸರಿಸುತ್ತೇನೆ, ಬೇಕಾದರೆ ರೆಕಾರ್ಡ್ ಮಾಡಿಕೋ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ