ಗೆಳೆಯನಿಗೊಂದು ಪತ್ರ: ಲಾಂಚ್ ದಡದಲ್ಲೇ ಯಾಕೆ ನಿಂತಿತು

ಪ್ರೀತಿಯ ಗೆಳೆಯಾ,

ಶಿವಮೊಗ್ಗದಲ್ಲಿ ಮಳೆ ಹಿಡಿದು ಕೂತಿದೆ. ನಿಮ್ಮ ಸಾಗರದ ಕಡೆ ಕೇಳುವುದೇ ಬೇಡ. ನಿನ್ನ ಕ್ಲಾಸಿನ ಹುಡುಗಿ ಕೇಳಿದಳಂತಲ್ಲ, "ವಿಟಮಿನ್ ಎ ಕೊಬ್ಬಿನಲ್ಲಿ ಕರಗುತ್ತೆ, ಜೀವಕೋಶದ ಪೊರೆಯೂ ಕೊಬ್ಬಿನದೇ, ಮತ್ತೆ ಅದನ್ನು ಹೊರೋಕೆ ಪ್ರೋಟೀನ್ ಯಾಕೆ ಸಾರ್" ಅಂತ. ಅವಳಿಗೆ ನನ್ನ ಲೆಕ್ಕದಲ್ಲಿ ಒಂದು ಪತ್ರೊಡೆ ಬಡಿಸು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ರೆಟಿನಾಲ್, ಅಂದರೆ ರಕ್ತದಲ್ಲಿ ಓಡಾಡುವ ವಿಟಮಿನ್ ಎ, ಪೊರೆ ದಾಟಬಲ್ಲದು. ತೊಂದರೆಯೆಲ್ಲ ದಾರಿಯಲ್ಲಿ. ರಕ್ತ ಬಹುಪಾಲು ನೀರು, ಅದರಲ್ಲಿ ರೆಟಿನಾಲ್ ಕರಗುವುದಿಲ್ಲ. ಒಂಟಿಯಾಗಿ ಬಿಟ್ಟರೆ ಆಕ್ಸಿಜನ್ ತಗುಲಿ ಕೆಡುತ್ತದೆ, ಸಿಕ್ಕ ಪೊರೆಗೆಲ್ಲ ನುಗ್ಗಿ ಅದನ್ನೂ ಕೆಡಿಸುತ್ತದೆ. ಅದಕ್ಕೇ ಲಿವರ್ ಆರ್‌ಬಿಪಿ4 ಅನ್ನುವ ಪ್ರೋಟೀನ್ ಕಟ್ಟುತ್ತದೆ. ತೂಕ ಸುಮಾರು 21 ಕಿಲೋಡಾಲ್ಟನ್ (ಅಣುಗಳನ್ನು ತೂಗುವ ಅಳತೆ). ಎಂಟು ಎಳೆ ಸುತ್ತಿ ಮಾಡಿದ ಬಿದಿರಂಡೆಯ ಹಾಗಿದೆ, ಒಳಗೆ ಒಂದೇ ಒಂದು ರೆಟಿನಾಲ್ ಅಣುವಿಗೆ ಜಾಗ.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ನೆನಪು ಮಾಡಿಕೋ. ಈಗ ಸೇತುವೆ ಆಗಿದೆ, ಆದರೂ ನಮಗೆ ಲಾಂಚೇ ಲಾಂಚು. ಆರ್‌ಬಿಪಿ4 ಖಾಲಿ ಹೊರಡದ ಲಾಂಚ್. ರೆಟಿನಾಲ್ ಹತ್ತುವ ತನಕ ಲಿವರ್ ಕೋಶದೊಳಗೆ ಪ್ರೋಟೀನ್ ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಲ್ಲೇ ನಿಂತಿರುತ್ತದೆ. ವಿಟಮಿನ್ ಎ ತೀರಿದ ಇಲಿಗಳ ಲಿವರಿನಲ್ಲಿ ಹೀಗೆ ಕಾದು ನಿಂತ ಪ್ರೋಟೀನ್ ರಾಶಿ ಬೀಳುತ್ತದೆ, ರೆಟಿನಾಲ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ರಕ್ತಕ್ಕೆ ಇಳಿಯುತ್ತದೆ. ಹೊರಗೆ ಬಂದ ಮೇಲೆ ಟ್ರಾನ್ಸ್‌ಥೈರೆಟಿನ್ ಅನ್ನುವ 55 ಕಿಲೋಡಾಲ್ಟನ್ನಿನ ದೊಡ್ಡಣ್ಣನ ಕೈ ಹಿಡಿದುಕೊಂಡೇ ಓಡಾಟ. ಇಲ್ಲದಿದ್ದರೆ ಇಷ್ಟು ಚಿಕ್ಕದು ಕಿಡ್ನಿಯ ಜರಡಿಯಲ್ಲಿ ಸೋರಿಹೋಗುತ್ತದೆ.

ಕೋಶದ ಬಾಗಿಲಲ್ಲಿ, ಮುಖ್ಯವಾಗಿ ಕಣ್ಣಿನಲ್ಲಿ, ಸ್ಟ್ರಾ6 ಅನ್ನುವ ಗ್ರಾಹಕ ಇದೆ. 2007ರಲ್ಲಿ ಗುರುತಿಸಿದ್ದು. ಅದು ರೆಟಿನಾಲನ್ನು ಮಾತ್ರ ಒಳಗೆ ಇಳಿಸಿಕೊಳ್ಳುತ್ತದೆ, ಲಾಂಚ್ ಹೊರಗೇ ಉಳಿಯುತ್ತದೆ. ಒಳಗೆ ಕಾಯುತ್ತಿರುವುದು ಸಿಆರ್‌ಬಿಪಿ1, ಸುಮಾರು 15 ಕಿಲೋಡಾಲ್ಟನ್ನಿನ ಬೇರೆಯೇ ಮನೆತನದ ಪ್ರೋಟೀನ್. ಇಲ್ಲೊಂದು ಸೊಗಸಿದೆ: ಆರ್‌ಬಿಪಿ4ರಲ್ಲಿ ರೆಟಿನಾಲಿನ ಉಂಗುರದ ತುದಿ ಒಳಗೆ, ಆಲ್ಕೋಹಾಲ್ ತುದಿ ಬಾಯಿಯ ಹತ್ತಿರ. ಸಿಆರ್‌ಬಿಪಿ1ರಲ್ಲಿ ತಿರುಗಾಮುರುಗಾ.

ಸಿಆರ್‌ಬಿಪಿ1 ಮಲೆನಾಡಿನ ಅಜ್ಜಿಯ ಹಾಗೆ, ಮಳೆಗಾಲಕ್ಕೆ ದಾಸ್ತಾನು ಮಾಡುವುದು ಅದರ ಕಸುಬು. ಬಂದ ರೆಟಿನಾಲನ್ನು ಎಲ್‌ರ್ಯಾಟ್ ಕಿಣ್ವಕ್ಕೆ ಒಪ್ಪಿಸಿ ಎಸ್ಟರ್ (ಕೊಬ್ಬಿನಾಮ್ಲ ಸೇರಿಸಿದ ರೂಪ) ಮಾಡಿಸಿ, ಲಿವರಿನ ಸ್ಟೆಲೇಟ್ ಕೋಶಗಳ ಕೊಬ್ಬಿನ ಹನಿಗಳಲ್ಲಿ ಇಡಿಸುತ್ತದೆ. ಸಿಆರ್‌ಬಿಪಿ1ರ ಜೀನ್ ತೆಗೆದ ಇಲಿಗಳು ಒಳ್ಳೆಯ ಆಹಾರ ಇರುವ ತನಕ ಆರೋಗ್ಯವಾಗಿಯೇ ಇರುತ್ತವೆ, ಆದರೆ ದಾಸ್ತಾನು ಅರ್ಧಕ್ಕರ್ಧ ಕಡಿಮೆ. ಆಹಾರದಲ್ಲಿ ವಿಟಮಿನ್ ಎ ನಿಲ್ಲಿಸಿದರೆ ಬೇಗ ಬರಿದಾಗುತ್ತವೆ. ನಿನ್ನ ಹುಡುಗಿಗೆ ಇದೇ ಉತ್ತರ. ದಾಟುವುದಕ್ಕೆ ಪ್ರೋಟೀನ್ ಬೇಡದೆ ಇರಬಹುದು, ಕೂಡಿಡುವುದಕ್ಕೆ ಬೇಕು.

ಅವಳನ್ನು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಕರೆದೊಯ್ದು, ಒಂದು ಪ್ರೋಟೀನಿಗೆ ಒಂದೇ ರೆಟಿನಾಲ್ ಕೂರುವುದನ್ನು ಫ್ಲೋರಿಮೀಟರಿನಲ್ಲಿ (ಹೊಳಪು ಅಳೆಯುವ ಯಂತ್ರ) ತೋರಿಸುವುದಾದರೆ, ರೆಟಿನಾಲನ್ನು ಎಥನಾಲಿನಲ್ಲಿ ಕರಗಿಸಿ ಸಾಂದ್ರತೆಯನ್ನು ಅವತ್ತೇ ಅಳೆಯಿರಿ (325 ನ್ಯಾನೋಮೀಟರಿನಲ್ಲಿ, ಮೋಲಾರ್ ಗುಣಾಂಕ 52,770). ನಿನ್ನೆಯ ಲೆಕ್ಕ ನಂಬಬೇಡಿ. 1 ಮೈಕ್ರೋಮೋಲಾರ್ ಪ್ರೋಟೀನಿಗೆ ರೆಟಿನಾಲನ್ನು 0.1ರಂತೆ ಸೇರಿಸುತ್ತಾ, ಪ್ರತಿ ಸಲ ಎರಡು ನಿಮಿಷ ಕಾದು, 280ರಲ್ಲಿ ಬೆಳಕು ಕೊಟ್ಟು 340ರಲ್ಲಿ ಓದಿ. ಪ್ರೋಟೀನಿನ ಹೊಳಪು ಇಳಿಯುತ್ತಾ ಬಂದು, ಒಂದಕ್ಕೊಂದು ಆದಾಗ ನಿಲ್ಲಬೇಕು. ನಿಲ್ಲದೆ ಇಳಿಯುತ್ತಲೇ ಇದ್ದರೆ ಎಥನಾಲ್ ಶೇಕಡಾ 2 ದಾಟಿದೆಯೇ ನೋಡಿ. ಮೊದಲಿನಿಂದಲೇ ಇಳಿತ ಕಡಿಮೆ ಬಂದರೆ ಟ್ಯೂಬ್‌ಲೈಟ್ ಆರಿಸಿ, ಹಳದಿ ದೀಪದಲ್ಲಿ ಮತ್ತೆ ಮಾಡಿ.

ಇಲ್ಲಿಗೆ ಮುಗಿಸಬೇಕೆಂದಿದ್ದೆ.

ಹೋದ ವಾರ ನಿನ್ನ ತಂಗಿಯ ಮಗುವಿನ ರಿಪೋರ್ಟ್ ಓದಿ ಹೇಳಿದೆಯಲ್ಲ, ರೆಟಿನಾಲ್ ಲೀಟರಿಗೆ 0.70 ಮೈಕ್ರೋಮೋಲಿಗಿಂತ ಕಡಿಮೆ ಅಂತ. "ಸೊಪ್ಪು, ಪಪ್ಪಾಯಿ ಸರಿಯಾಗಿ ತಿನ್ನಿಸಲಿ" ಅಂದುಬಿಟ್ಟೆ ನಾನು. ಸ್ಪೀಕರ್ ಹಾಕಿದ್ದೆ ನೀನು. ಅವಳು ಆ ಕಡೆಯಿಂದ ಸುಮ್ಮನಾದದ್ದು ಕೇಳಿಸಿತು. ಅವತ್ತಿನಿಂದ ಆ ಮೌನ ಕಿವಿಯಲ್ಲಿದೆ. ಲಾಂಚ್ ಬರಲಿಲ್ಲ ಅಂದರೆ ಹತ್ತುವವರಿಲ್ಲ ಅಂತಲೇ ಅರ್ಥವಾ? ಲಾಂಚೇ ಇಲ್ಲದಿರಬಹುದು. ಜ್ವರ ಬಂದಾಗ ಲಿವರ್ ಆರ್‌ಬಿಪಿ4 ಕಟ್ಟುವುದನ್ನು ತಗ್ಗಿಸುತ್ತದೆ. ಊಟದಲ್ಲಿ ಪ್ರೋಟೀನ್, ಸತು ಸಾಲದಿದ್ದರೂ ಹಾಗೆಯೇ. ಲಿವರ್ ತುಂಬಿದ್ದೂ ರಕ್ತದ ಅಂಕಿ ಬಿದ್ದಿರುತ್ತದೆ. ಮಗುವಿಗೆ ಜ್ವರ ಬಂದು ಎಷ್ಟು ದಿನವಾಗಿತ್ತು ಅಂತ ನಾನು ಕೇಳಲೇ ಇಲ್ಲ. ಕೇಳದೆಯೇ ಒಬ್ಬ ತಾಯಿಯ ಕೈಯಡಿಗೆಯ ಮೇಲೆ ತಪ್ಪು ಹೊರಿಸಿದೆ. ಅವಳಿಗೆ ನನ್ನ ಕ್ಷಮೆ ತಿಳಿಸು. ಬೇಡ, ನಾನೇ ಫೋನ್ ಮಾಡುತ್ತೇನೆ.

ಅಂಕಿ ಸರಿಯಿದ್ದರೂ ನೆಮ್ಮದಿ ಪಡುವ ಹಾಗಿಲ್ಲ. ಲಿವರಿನ ದಾಸ್ತಾನು ಪ್ರತಿ ಗ್ರಾಮಿಗೆ ಸುಮಾರು 20 ಮೈಕ್ರೋಗ್ರಾಂಗಿಂತ ಕೆಳಗಿಳಿಯುವ ತನಕ ರಕ್ತದ ಮಟ್ಟ ಅಲ್ಲಾಡುವುದಿಲ್ಲ. ದಡದಲ್ಲಿ ಲಾಂಚ್ ಕಾದಿದೆಯೇ ಅಂತ ನೋಡುವ ಪರೀಕ್ಷೆಯೇ ಇದೆ: ರಕ್ತ ತೆಗೆದು, 450ರಿಂದ 1000 ಮೈಕ್ರೋಗ್ರಾಂ ವಿಟಮಿನ್ ಎ ಕೊಟ್ಟು, ಐದು ಗಂಟೆಯ ನಂತರ ಮತ್ತೆ ರಕ್ತ. ಎರಡರ ವ್ಯತ್ಯಾಸ ಎರಡನೇ ಅಂಕಿಯ ಶೇಕಡಾ 20ಕ್ಕಿಂತ ಹೆಚ್ಚಾದರೆ ದಾಸ್ತಾನು ಸಾಲದು ಅಂತ. ಮಗುವಿಗೆ ಪ್ರೋಟೀನಿನ ಕೊರತೆಯೂ ಇದ್ದರೆ ಇದೂ ಮೋಸ ಮಾಡುತ್ತದೆ, ಕಾಯಲು ಲಾಂಚೇ ಇರುವುದಿಲ್ಲವಲ್ಲ.

ಸದ್ಯಕ್ಕೆ ಅಷ್ಟೆಲ್ಲ ಬೇಡ. ಜ್ವರ ಬಿಟ್ಟು ಕೆಲವು ವಾರ ಕಳೆಯಲಿ, ಮತ್ತೆ ಅಳೆಯುವಾಗ ಸಿಆರ್‌ಪಿಯನ್ನೂ (ಮೈಯಲ್ಲಿ ಉರಿಯೂತ ಇದೆಯೇ ಅಂತ ಹೇಳುವ ರಕ್ತದ ಅಂಕಿ) ನೋಡಲು ಡಾಕ್ಟರನ್ನು ಕೇಳಿ. ತಾಯಿ ಕಾರ್ಡಿನಲ್ಲಿ ಕೊನೆಯ ವಿಟಮಿನ್ ಎ ಡೋಸಿನ ತಾರೀಖು ಹುಡುಕು. ಒಂದು ವರ್ಷ ದಾಟಿದ ಮಗುವಿಗೆ 2 ಮಿಲಿಲೀಟರಿನಲ್ಲಿ 2 ಲಕ್ಷ ಯೂನಿಟ್, ಆರು ತಿಂಗಳಿಗೊಮ್ಮೆ. ಅದರ ಮೇಲೆ ಅಂಗಡಿಯ ಮಾತ್ರೆ ಯಾರೂ ಸೇರಿಸದಿರಲಿ. ಹೆಚ್ಚಾದ ವಿಟಮಿನ್ ಎ ಲಾಂಚಿಗೆ ಕಾಯದೆ ಎಸ್ಟರ್ ರೂಪದಲ್ಲೇ ರಕ್ತಕ್ಕೆ ಇಳಿಯುತ್ತದೆ, ವಿಷವಾಗುವುದು ಆಗಲೇ.

ಪತ್ರ ಉದ್ದವಾಯಿತು ಮಾರಾಯ. ನಿಮ್ಮ ಹಿತ್ತಿಲಲ್ಲಿ ಕೆಸು ಎದ್ದಿರಬೇಕು. ಪತ್ರೊಡೆ ಮಾಡುವ ದಿನ ಹೇಳು, ಬಸ್ಸು ಹತ್ತುತ್ತೇನೆ.

ನಿನ್ನ
ಗೆಳೆಯ